ಅಂಗಳದಲ್ಲಿ ಇಳಿದ ಗುಲಾಬಿ ಹಿಂಡು: ಹೆದರಬೇಕಾ, ಹಣ ಕೊಡಬೇಕಾ?

ಪ್ರಶ್ನೆ: ನಾವು ಹೋದ ವರ್ಷ ಡಲ್ಲಾಸ್ ಹತ್ತಿರದ ಒಂದು ಊರಿನಲ್ಲಿ ಮನೆ ತಗೊಂಡೆವು. ಈ ಶನಿವಾರ ಬೆಳಗ್ಗೆ ಎದ್ದು ನೋಡಿದರೆ ಮನೆ ಮುಂದಿನ ಹುಲ್ಲಿನ ಮೇಲೆ 24 ಗುಲಾಬಿ ಬಣ್ಣದ ಪ್ಲಾಸ್ಟಿಕ್ ಫ್ಲೆಮಿಂಗೊ ಹಕ್ಕಿಗಳು ನಿಂತಿವೆ. ಮಧ್ಯದಲ್ಲಿ ‘ಯು ಹ್ಯಾವ್ ಬೀನ್ ಫ್ಲಾಕ್ಡ್’ ಅಂತ ಬೋರ್ಡು. ಬಾಗಿಲ ಹಿಡಿಗೆ ಸಿಕ್ಕಿಸಿದ ಚೀಟಿಯಲ್ಲಿ, ಹೈಸ್ಕೂಲ್ ಬ್ಯಾಂಡ್ ಮಕ್ಕಳ ಪ್ರವಾಸಕ್ಕೆ 30 ಡಾಲರ್ ಕೊಟ್ಟರೆ ಹಕ್ಕಿಗಳನ್ನು ತೆಗೆಯುತ್ತೇವೆ ಎಂದು ಬರೆದಿದೆ. ಧಾರವಾಡದಿಂದ ಬಂದಿರುವ ಅಮ್ಮ, ಯಾರೋ ಮಾಟ ಮಾಡಿಸಿದ್ದಾರೆ, ಮುಟ್ಟಬೇಡ ಅಂತ ಹಟ ಹಿಡಿದಿದ್ದಾರೆ. ಇದೇನು? ಹಣ ಕೊಡಲೇಬೇಕಾ? ಇದನ್ನು ಕಳಿಸಿದ್ದು ಯಾರು? ಇನ್ನೊಂದು ಮಾತು. ನಮ್ಮ ಕನ್ನಡ ಕೂಟದ ಮಕ್ಕಳ ತರಗತಿಗೆ ಪುಸ್ತಕ ಕೊಳ್ಳಲು ಹಣ ಬೇಕಿದೆ. ನಾವೂ ಹೀಗೆ ಮಾಡಬಹುದಾ?

ಉತ್ತರ: ಮೊದಲು ಅಮ್ಮನಿಗೆ ಸಮಾಧಾನ ಹೇಳಿ. ಇದು ಮಾಟ ಅಲ್ಲ. ನಿಮ್ಮ ಮೇಲೆ ಯಾರಿಗೂ ಸಿಟ್ಟಿಲ್ಲ. ನಿಮ್ಮ ಪರಿಚಯದವರೇ ಯಾರೋ ಕೈಯಿಂದ ಒಂದಿಷ್ಟು ಡಾಲರ್ ಕೊಟ್ಟು ಈ ಹಕ್ಕಿಗಳನ್ನು ನಿಮ್ಮ ಮನೆಗೆ ಕಳಿಸಿದ್ದಾರೆ. ಹೋದ ವರ್ಷ ಬಂದ ಮನೆಗೆ ಇವು ಬಂದಿವೆ ಅಂದರೆ, ಬೀದಿಯವರು ನಿಮ್ಮನ್ನು ತಮ್ಮವರು ಅಂತ ಎಣಿಸಿದ್ದಾರೆ. ನಾನಂತೂ ಹಾಗೇ ತಿಳಿಯುತ್ತೇನೆ.

ಧಾರವಾಡದವರಿಗೆ ಇದನ್ನು ತಿಳಿಸುವುದು ಸುಲಭ. ಹೋಳಿ ಹುಣ್ಣಿಮೆ ಹತ್ತಿರ ಬಂದಾಗ ಓಣಿಯ ಹುಡುಗರು ಕಾಮಣ್ಣನ ಹೆಸರಲ್ಲಿ ಹಿತ್ತಲಿನಿಂದ ಕಟ್ಟಿಗೆ, ಕುಳ್ಳು ಎತ್ತಿಕೊಂಡು ಹೋಗುತ್ತಾರಲ್ಲ? ಮನೆಯವರಿಗೆ ಯಾರು ಒಯ್ದರು ಅಂತ ಗೊತ್ತೇ ಇರುತ್ತದೆ. ಬಾಯಲ್ಲಿ ಬೈಯುತ್ತಾರೆ. ಮರುದಿನ ಅದೇ ಹುಡುಗರು ಪಟ್ಟಿ, ಅಂದರೆ ಚಂದಾ, ಕೇಳಲು ಬಂದರೆ ಕೈಯೆತ್ತಿ ಕೊಡುತ್ತಾರೆ. ಇದೂ ಅದೇ ಜಾತಿಯದು. ಅಲ್ಲಿ ನಿಮ್ಮ ಹಿತ್ತಲಿನ ವಸ್ತು ಹೋಗುತ್ತದೆ, ಇಲ್ಲಿ ನಿಮ್ಮದಲ್ಲದ ವಸ್ತು ಬಂದು ನಿಲ್ಲುತ್ತದೆ, ಅಷ್ಟೇ. ‘ಇಲ್ಲಿನ ಮಕ್ಕಳು ಪಟ್ಟಿ ಎತ್ತೋ ರೀತಿ ಇದು’ ಅಂತ ಹೇಳಿ ನೋಡಿ. ಅಮ್ಮ ಒಂದೇ ಮಾತಿಗೆ ಒಪ್ಪುತ್ತಾರೆ ಅನಿಸುತ್ತದೆ.

ನಾನು ಹಲವು ವರ್ಷ ಒಂದು ಶಾಲೆಯ ಬ್ಯಾಂಡ್ ಪೋಷಕರ ಗುಂಪಿನಲ್ಲಿ ಖಜಾಂಚಿ ಕೆಲಸ ಮಾಡಿದ್ದೇನೆ. ಈ ಹಕ್ಕಿಗಳ ಲೆಕ್ಕ ಇಟ್ಟಿದ್ದೇನೆ, ಕತ್ತಲಲ್ಲಿ ನಾನೇ ನೆಟ್ಟಿದ್ದೇನೆ, ಬೆಳಗ್ಗೆ ಕಿತ್ತಿದ್ದೇನೆ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಫ್ಲಾಕ್ ಅಂದರೆ ಹಿಂಡು. ಆ ಪದವನ್ನೇ ಇಲ್ಲಿಯವರು ಕ್ರಿಯಾಪದ ಮಾಡಿಕೊಂಡಿದ್ದಾರೆ. ನೀವು ‘ಫ್ಲಾಕ್’ ಆದಿರಿ ಅಂದರೆ ನಿಮ್ಮ ಅಂಗಳಕ್ಕೆ ಹಿಂಡು ಇಳಿಯಿತು ಅಂತ ಅರ್ಥ. ಚರ್ಚಿನ ಯುವಕರ ಗುಂಪು, ಶಾಲೆಯ ಬ್ಯಾಂಡು, ಸ್ಕೌಟ್ ಮಕ್ಕಳು, ಕ್ಯಾನ್ಸರ್ ಸಂಶೋಧನೆಗೆ ಹಣ ಎತ್ತುವ ತಂಡಗಳು ಹೀಗೆ ಮಾಡುವುದು ಜಾಸ್ತಿ. ಅಮೆರಿಕನ್ ಕ್ಯಾನ್ಸರ್ ಸೊಸೈಟಿಯ ‘ರಿಲೇ ಫಾರ್ ಲೈಫ್’ ಅಂತ ಒಂದು ನಡಿಗೆ ಇದೆ. 1985ರಲ್ಲಿ ವಾಷಿಂಗ್ಟನ್ ರಾಜ್ಯದ ಟಕೋಮಾದಲ್ಲಿ ಗೋರ್ಡನ್ ಕ್ಲಾಟ್ ಎಂಬ ವೈದ್ಯರು ಒಬ್ಬರೇ 24 ಗಂಟೆ ಮೈದಾನ ಸುತ್ತಿದ್ದರಿಂದ ಅದು ಶುರುವಾಯಿತು. ಆ ನಡಿಗೆಯ ತಂಡಗಳೂ ಬೀದಿ ಬೀದಿಗೆ ಈ ಗುಲಾಬಿ ಹಿಂಡು ಇಳಿಸುತ್ತವೆ.

ಹಣ ಬರುವುದು ಮೂರು ದಾರಿಯಲ್ಲಿ. ಒಬ್ಬರು ಹಣ ಕೊಟ್ಟು ಗೆಳೆಯರ ಮನೆಗೆ ಹಿಂಡು ಕಳಿಸುತ್ತಾರೆ. ಹಿಂಡು ಬಂದ ಮನೆಯವರು ಅದನ್ನು ತೆಗೆಸಲು, ಇಲ್ಲವೇ ತಮಗೆ ಬೇಕಾದವರ ಮನೆಗೆ ದಾಟಿಸಲು ದೇಣಿಗೆ ಕೊಡುತ್ತಾರೆ. ಮೂರನೆಯದಕ್ಕೆ ‘ಇನ್ಶೂರೆನ್ಸ್’ ಅಂತಾರೆ. ನಮ್ಮ ಮನೆಗೆ ಮಾತ್ರ ತರಬೇಡಿ ಎನ್ನುವವರು ಮುಂಚೆಯೇ ಸ್ವಲ್ಪ ಕೊಟ್ಟು ಹೆಸರು ಬರೆಸುತ್ತಾರೆ. ಕಳಿಸಿದ್ದು ಯಾರು ಅಂತ ತಿಳಿಯಲು ಇನ್ನೂ ಐದು ಡಾಲರ್ ಕೇಳುವ ಗುಂಪುಗಳೂ ಇವೆ. ನಿಮಗೂ ಹಾಗೆ ಹೇಳಬಹುದು. ಕೊಟ್ಟರೆ ಸಿಗುವುದು ಹೆಚ್ಚಾಗಿ ಪಕ್ಕದ ಮನೆಯವರ ಹೆಸರೇ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಹಣ ಕೊಡಲೇಬೇಕಾ? ಬೇಡ. ಯಾರೂ ನಿಮ್ಮ ಅಂಗಳದಲ್ಲಿ ಒಂದು ವಸ್ತು ಇಟ್ಟು ನಿಮ್ಮನ್ನು ಸಾಲಗಾರರನ್ನಾಗಿ ಮಾಡಲು ಆಗುವುದಿಲ್ಲ. ಚೀಟಿಯಲ್ಲಿರುವ ನಂಬರಿಗೆ ಫೋನ್ ಮಾಡಿ, ‘ಹಕ್ಕಿಗಳನ್ನು ತಗೊಂಡು ಹೋಗಿ, ನಾವು ಈ ಸಲ ದೇಣಿಗೆ ಕೊಡುತ್ತಿಲ್ಲ’ ಅಂತ ಹೇಳಿದರೆ ಸಾಕು. ಸರಿಯಾದ ಗುಂಪಾದರೆ ಬೇಸರ ಮಾಡಿಕೊಳ್ಳದೆ ಬಂದು ತೆಗೆಯುತ್ತದೆ. ಇಡೀ ಆಟ ನಿಂತಿರುವುದೇ ಇದರ ಮೇಲೆ ಅಂತ ನನ್ನ ನಂಬಿಕೆ. ಹಣ ಕೊಟ್ಟರೂ ಹಕ್ಕಿ ಹೋಗಬೇಕು, ಕೊಡದಿದ್ದರೂ ಹೋಗಬೇಕು. ಕೊಟ್ಟರೆ ಮಾತ್ರ ತೆಗೆಯುತ್ತೇವೆ ಎಂದರೆ ಅದು ಒತ್ತಾಯ. ನಿಮ್ಮ ಚೀಟಿಯಲ್ಲಿ ಬರೆದಿರುವ ರೀತಿ ನನಗೆ ಅಷ್ಟು ಸರಿ ಕಾಣಲಿಲ್ಲ. ಕೆಟ್ಟ ಉದ್ದೇಶ ಇರಲಿಕ್ಕಿಲ್ಲ, ಮಕ್ಕಳು ಬರೆದಿರಬಹುದು. ಆದರೂ ಫೋನ್ ಮಾಡಿದಾಗ ಒಂದು ಮಾತು ಹೇಳಿ. ‘ಕೊಡಲು ಆಗದಿದ್ದರೂ ಪರವಾಗಿಲ್ಲ, ಎರಡು ದಿನದಲ್ಲಿ ನಾವೇ ತೆಗೆಯುತ್ತೇವೆ’ ಅನ್ನುವ ಸಾಲು ಸೇರಿಸಿಕೊಳ್ಳಲಿ.

ಕೊಡುವ ಮನಸ್ಸಿದ್ದರೆ ಮೊದಲು ಇದು ನಿಜವಾದ ಗುಂಪೇ ಅಂತ ನೋಡಿಕೊಳ್ಳಿ. ಸೋಮವಾರ ಶಾಲೆಯ ಕಚೇರಿಗೆ ಫೋನ್ ಮಾಡಿ ವಿಚಾರಿಸಿ. ನಂಬರನ್ನು ಚೀಟಿಯಿಂದ ತಗೊಳ್ಳಬೇಡಿ, ಶಾಲೆಯ ಜಾಲತಾಣದಿಂದ ತಗೊಳ್ಳಿ. ಚೆಕ್ಕು ಗುಂಪಿನ ಹೆಸರಿಗೇ ಇರಲಿ. ಯಾರದೋ ಸ್ವಂತ ಖಾತೆಗೆ ಫೋನಿನಲ್ಲಿ ಹಣ ಕಳಿಸಿ ಅಂದರೆ ಬೇಡ ಅನ್ನಿ. ತೆರಿಗೆಯಲ್ಲಿ ತೋರಿಸಬೇಕೆಂದಿದ್ದರೆ ರಸೀದಿ ಕೇಳಿ. 250 ಡಾಲರ್ ಮತ್ತು ಮೇಲ್ಪಟ್ಟ ಒಂದೇ ದೇಣಿಗೆಗೆ ಇಲ್ಲಿ ಸಂಸ್ಥೆಯ ಬರಹ ಕಡ್ಡಾಯ. 30 ಡಾಲರಿಗೆ ಅಷ್ಟೆಲ್ಲ ಬೇಕಿಲ್ಲ, ಆದರೆ ರಸೀದಿ ಕೊಡುವ ಗುಂಪಿನ ಮೇಲೆ ನಂಬಿಕೆ ಜಾಸ್ತಿ ಬರುತ್ತದೆ, ಅಲ್ವಾ?

ಇನ್ನು, ಇದೇ ಹಕ್ಕಿ ಯಾಕೆ ಅಂತ ಅಮ್ಮ ಕೇಳೇ ಕೇಳುತ್ತಾರೆ. ಅದರ ಕಥೆ ನನಗೆ ತುಂಬಾ ಇಷ್ಟ.

ಮ್ಯಾಸಚೂಸೆಟ್ಸ್‌ನಲ್ಲಿ ಲೆಮಿನ್‌ಸ್ಟರ್ ಅಂತ ಒಂದು ಊರು. ಮೊದಲು ಕೊಂಬಿನಿಂದ ಬಾಚಣಿಗೆ ಮಾಡುವವರ ಊರು. ಕಾಲ ಬದಲಾದ ಹಾಗೆ ಸೆಲ್ಯುಲಾಯ್ಡ್ ಬಂತು, ಆಮೇಲೆ ಪ್ಲಾಸ್ಟಿಕ್ ಬಂತು. ಬಾಚಣಿಗೆ ಮಾಡಿದ ಕೈಗಳೇ ಪ್ಲಾಸ್ಟಿಕ್ ಅಚ್ಚು ಕಲಿತವು. ಅಲ್ಲಿನ ಯೂನಿಯನ್ ಪ್ರಾಡಕ್ಟ್ಸ್ ಎಂಬ ಕಂಪನಿ ಅಂಗಳದ ಅಲಂಕಾರಕ್ಕೆ ಪ್ಲಾಸ್ಟಿಕ್ ಗೊಂಬೆ ಮಾಡುತ್ತಿತ್ತು. ಮೊದಮೊದಲು ಅವು ಹಲಗೆಯ ಹಾಗೆ ಚಪ್ಪಟೆ ಇದ್ದವು. ಮೈದುಂಬಿದ ಗೊಂಬೆ ಬೇಕು ಅಂತ ಕಂಪನಿ ಒಬ್ಬ ಹುಡುಗನನ್ನು ಕೆಲಸಕ್ಕೆ ತಗೊಂಡಿತು. ಹೆಸರು ಡಾನ್ ಫೆದರ್‌ಸ್ಟೋನ್. ವೂಸ್ಟರ್ ಊರಿನ ಕಲಾಶಾಲೆಯಲ್ಲಿ ಶಿಲ್ಪ ಕಲಿತಿದ್ದ, ವಯಸ್ಸು ಇಪ್ಪತ್ತೊಂದು.

ಮೊದಲು ಅವರಿಗೆ ಬಾತುಕೋಳಿ ಮಾಡಲು ಹೇಳಿದರು. ಅವರು ಒಂದು ಜೀವಂತ ಬಾತು ತಂದು, ಅದಕ್ಕೆ ಚಾರ್ಲಿ ಅಂತ ಹೆಸರಿಟ್ಟು, ಮನೆಯ ಸಿಂಕಿನಲ್ಲಿ ಇಟ್ಟುಕೊಂಡು ನೋಡಿ ನೋಡಿ ಅಚ್ಚು ಮಾಡಿದರು. ಕೆಲಸ ಮುಗಿದ ಮೇಲೆ ಅದನ್ನು ಒಂದು ಉದ್ಯಾನದ ಕೊಳಕ್ಕೆ ಬಿಟ್ಟರು. ಆಮೇಲೆ 1957ರಲ್ಲಿ ಫ್ಲೆಮಿಂಗೊ ಮಾಡಲು ಹೇಳಿದರು. ಮ್ಯಾಸಚೂಸೆಟ್ಸ್‌ನ ಚಳಿಯಲ್ಲಿ ಫ್ಲೆಮಿಂಗೊ ಎಲ್ಲಿಂದ ತರುವುದು? ನ್ಯಾಷನಲ್ ಜಿಯೊಗ್ರಾಫಿಕ್ ಪತ್ರಿಕೆಯ ಚಿತ್ರಗಳನ್ನು ಮುಂದೆ ಇಟ್ಟುಕೊಂಡು ಮಾಡಿದರು. ಎರಡು ಹಕ್ಕಿ ಮಾಡಿದರು. ಒಂದು ಕತ್ತೆತ್ತಿ ನಿಂತಿರುತ್ತದೆ, ಇನ್ನೊಂದು ಬಗ್ಗಿ ಮೇಯುತ್ತಿರುತ್ತದೆ. ಯಾವತ್ತೂ ಜೋಡಿಯಾಗಿಯೇ ಮಾರಾಟ. ಆಗ ಸಿಯರ್ಸ್ ಎಂಬ ದೊಡ್ಡ ಅಂಗಡಿಯ ಕ್ಯಾಟಲಾಗಿನಲ್ಲಿ ಜೋಡಿಗೆ 2.76 ಡಾಲರ್.

ನಿಮ್ಮ ಅಂಗಳದ ಹಕ್ಕಿಗಳನ್ನು ಹತ್ತಿರ ಹೋಗಿ ನೋಡಿ. ಹೊಟ್ಟೆಯ ಕೆಳಗೆ ಎರಡು ತೂತು ಇರುತ್ತವೆ. ಅದರಲ್ಲಿ ತೆಳುವಾದ ಎರಡು ಕಬ್ಬಿಣದ ಸರಳು ಸಿಕ್ಕಿಸಿರುತ್ತಾರೆ, ಅವೇ ಕಾಲು. ಮರದ ಕಡ್ಡಿ ಹಾಕಿದರೆ ದುಬಾರಿ ಆಗುತ್ತದೆ ಅಂತ ಲೋಹದ ಸರಳಿಗೆ ಬಂದರು. ರೆಕ್ಕೆಯ ಮೇಲೆ ಬೆರಳಾಡಿಸಿದರೆ ಒಂದೊಂದು ಗರಿಯ ಗೆರೆಯೂ ಕೈಗೆ ಸಿಗುತ್ತದೆ. ಅಸಲಿ ಅಚ್ಚಿನ ಹಕ್ಕಿಯಾದರೆ ಬಾಲದ ಅಡಿಯಲ್ಲಿ ಫೆದರ್‌ಸ್ಟೋನ್ ಸಹಿ ಇರಬಹುದು. ನಕಲಿಗಳು ಬಹಳ ಬಂದವು ಅಂತ 1980ರ ದಶಕದ ಕೊನೆಯ ವರ್ಷಗಳಲ್ಲಿ ಸಹಿಯನ್ನು ಅಚ್ಚಿಗೇ ಸೇರಿಸಿದರು. ನಿಮ್ಮ ಬ್ಯಾಂಡಿನವರದು ಪಾರ್ಟಿ ಸಾಮಾನಿನ ಅಂಗಡಿಯ ಅಗ್ಗದ ಹಕ್ಕಿಗಳೇ ಇರಬೇಕು. ಆದರೂ ಒಂದು ಸಲ ಬಗ್ಗಿ ನೋಡಿ. ಹಳೆಯ ಹಿಂಡುಗಳಲ್ಲಿ ಒಂದೆರಡು ಸಹಿಯಿರುವವು ಸೇರಿಕೊಂಡಿರುತ್ತವೆ.

ಆ ಕಾಲದಲ್ಲಿ ಇದು ಇಷ್ಟೊಂದು ಜನರಿಗೆ ಯಾಕೆ ಹಿಡಿಸಿತು? ಎರಡನೇ ಮಹಾಯುದ್ಧದ ನಂತರ ಅಮೆರಿಕದ ಊರ ಹೊರಗೆ ಒಂದೇ ಅಚ್ಚಿನ ಮನೆಗಳು ಸಾಲು ಸಾಲಾಗಿ ಎದ್ದವು. ಒಂದೇ ಬಾಗಿಲು, ಒಂದೇ ಕಿಟಕಿ, ಒಂದೇ ಹುಲ್ಲು. ಕಾರ್ಖಾನೆಯಲ್ಲಿ ದುಡಿಯುವವರಿಗೆ ಜೀವನದಲ್ಲಿ ಮೊದಲ ಸಲ ಸ್ವಂತ ಅಂಗಳ ಸಿಕ್ಕಿತ್ತು. ಕಲ್ಲಿನ ಶಿಲ್ಪ ತಂದು ನಿಲ್ಲಿಸುವಷ್ಟು ಹಣ ಅವರ ಹತ್ತಿರ ಇರಲಿಲ್ಲ. ಮೂರು ಡಾಲರಿಗೆ ಒಳಗೆ ಜೋಡಿ ಹಕ್ಕಿ ಸಿಕ್ಕರೆ ಸಾಕಿತ್ತು, ಇದು ನನ್ನ ಮನೆ ಅಂತ ದೂರದಿಂದಲೇ ಗುರುತು ಹಿಡಿಯಬಹುದಿತ್ತು. ಫ್ಲಾರಿಡಾದ ಬಿಸಿಲು, ರಜೆ, ಸಮುದ್ರ ಎಲ್ಲವೂ ಆ ಬಣ್ಣದಲ್ಲಿ ಇತ್ತು. ಓದಿದವರು, ಉಳ್ಳವರು ಇದನ್ನು ಕೀಳು ಅಭಿರುಚಿ ಅಂತ ನಕ್ಕರು. ಇಂದಿಗೂ ಕೆಲವು ಬಡಾವಣೆಗಳಲ್ಲಿ ಅಂಗಳದ ಗೊಂಬೆಗಳಿಗೆ ನಿರ್ಬಂಧ ಇದೆ. ನನಗೆ ಮಾತ್ರ ಆ ನಗು ಯಾವತ್ತೂ ಸರಿ ಅನ್ನಿಸಿಲ್ಲ. ಬಡವರು ತಮ್ಮ ಅಂಗಳಕ್ಕೆ ಬಣ್ಣ ತಂದುಕೊಂಡರೆ ಅದರಲ್ಲಿ ಕೀಳು ಏನು ಬಂತು?

ಫೆದರ್‌ಸ್ಟೋನ್ ಅದೇ ಕಂಪನಿಯಲ್ಲಿ ಬೆಳೆದು ಅಧ್ಯಕ್ಷರಾದರು. 1996ರಲ್ಲಿ ಅವರಿಗೆ ಕಲೆಗಾಗಿ ಇಗ್ ನೊಬೆಲ್ ಬಹುಮಾನ ಬಂತು. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಕೆಲಸಗಳಿಗೆ ಕೊಡುವ ಬಹುಮಾನ ಅದು. ತಾವು ಹಕ್ಕಿ ಮಾಡಿದ ವರ್ಷದ ನೆನಪಿಗೆ ಮನೆಯ ಹಿತ್ತಲಲ್ಲಿ 57 ಫ್ಲೆಮಿಂಗೊ ಇಟ್ಟುಕೊಂಡಿದ್ದರು. ಅವರೂ ಹೆಂಡತಿ ನ್ಯಾನ್ಸಿಯೂ ಹಲವಾರು ದಶಕ ಪ್ರತಿದಿನ ಒಂದೇ ತರದ ಬಟ್ಟೆ ತೊಡುತ್ತಿದ್ದರು. ಯೂನಿಯನ್ ಪ್ರಾಡಕ್ಟ್ಸ್ 2006ರಲ್ಲಿ ಬಾಗಿಲು ಹಾಕಿತು. ಅಚ್ಚುಗಳು ಕೈ ಬದಲಾಯಿಸಿ, ಕೊನೆಗೆ ಪಕ್ಕದ ಊರು ಫಿಚ್‌ಬರ್ಗ್‌ನ ಕ್ಯಾಡೊ ಪ್ರಾಡಕ್ಟ್ಸ್ ಕಂಪನಿಗೆ ಬಂದವು. ಹಾಗಾಗಿ ಹಕ್ಕಿ ಹುಟ್ಟಿದ ನೆಲದ ಹತ್ತಿರವೇ ಇನ್ನೂ ತಯಾರಾಗುತ್ತದೆ. ಫೆದರ್‌ಸ್ಟೋನ್ 2015ರ ಜೂನ್ 22ರಂದು ತೀರಿಕೊಂಡರು. ಮರುದಿನ, ಜೂನ್ 23, ಪಿಂಕ್ ಫ್ಲೆಮಿಂಗೊ ದಿನ. ಅವರ ಗೌರವಕ್ಕೆ ಅಂತಲೇ 2007ರಲ್ಲಿ ಲೆಮಿನ್‌ಸ್ಟರ್‌ನ ಮೇಯರ್ ಘೋಷಿಸಿದ ದಿನ ಅದು.

ಒಂದು ಜೋಡಿ ಹಕ್ಕಿ ಅಂಗಳದ ಅಲಂಕಾರ. ಸಾವಿರ ಹಕ್ಕಿ ಒಟ್ಟಿಗೆ ನಿಂತರೆ? ಅದನ್ನು ತೋರಿಸಿಕೊಟ್ಟಿದ್ದು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹುಡುಗರು. ಮ್ಯಾಡಿಸನ್‌ನಲ್ಲಿ ಲಿಯಾನ್ ವಾರ್ಜಿಯನ್ ಮತ್ತು ಜಿಮ್ ಮ್ಯಾಲನ್ ಅಂತ ಇಬ್ಬರು ವಿದ್ಯಾರ್ಥಿಗಳು ‘ಪೇಲ್ ಅಂಡ್ ಶವಲ್’ ಎಂಬ ಪಕ್ಷ ಕಟ್ಟಿ ವಿದ್ಯಾರ್ಥಿ ಸಂಘದ ಚುನಾವಣೆ ಗೆದ್ದರು. ಹೆಸರಿನ ಅರ್ಥ ಬಕೆಟ್ಟು ಮತ್ತು ಸಲಿಕೆ. ಸಂಘದ ಹಣವನ್ನೆಲ್ಲ ಚಿಲ್ಲರೆ ಮಾಡಿ ಸುರಿಯುತ್ತೇವೆ, ಬಕೆಟ್ಟು ಸಲಿಕೆ ತಂದು ತುಂಬಿಕೊಳ್ಳಿ ಅನ್ನುವುದು ಅವರ ಭರವಸೆ. 1979ರ ಸೆಪ್ಟೆಂಬರ್‌ನಲ್ಲಿ ತರಗತಿ ಶುರುವಾದ ಮೊದಲ ದಿನ ವಿದ್ಯಾರ್ಥಿಗಳು ಬಂದು ನೋಡಿದರೆ, ಬ್ಯಾಸ್ಕಮ್ ಗುಡ್ಡದ ಇಳಿಜಾರಿನ ತುಂಬ 1,008 ಗುಲಾಬಿ ಫ್ಲೆಮಿಂಗೊಗಳು! ಜನ ಒಂದೊಂದಾಗಿ ಎತ್ತಿಕೊಂಡು ಮನೆಗೆ ಒಯ್ದರು.

ಆ ಒಂದು ದಿನದ ಕುಚೇಷ್ಟೆ ಊರಿಗೆ ಅಂಟಿಕೊಂಡಿತು. 2009ರಲ್ಲಿ ಮ್ಯಾಡಿಸನ್ ನಗರಸಭೆ ಪ್ಲಾಸ್ಟಿಕ್ ಫ್ಲೆಮಿಂಗೊವನ್ನು ನಗರದ ಅಧಿಕೃತ ಹಕ್ಕಿ ಅಂತ ಗೊತ್ತುವಳಿ ಮಾಡಿತು. ಅಲ್ಲಿನ ಫುಟ್‌ಬಾಲ್ ಕ್ಲಬ್ಬಿನ ಲಾಂಛನದಲ್ಲೂ ಫ್ಲೆಮಿಂಗೊ ಇದೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇನ್ನೊಂದು. ವಿಶ್ವವಿದ್ಯಾಲಯದವರು ಈಗ ಅದೇ ಗುಡ್ಡದ ಮೇಲೆ ‘ಫಿಲ್ ದ ಹಿಲ್’ ಅಂತ ದೇಣಿಗೆ ಸಂಗ್ರಹ ನಡೆಸುತ್ತಾರೆ. ಹಳೆಯ ವಿದ್ಯಾರ್ಥಿಗಳು ಕೊಡುವ ಒಂದೊಂದು ದೇಣಿಗೆಗೂ ಒಂದೊಂದು ಫ್ಲೆಮಿಂಗೊ ನೆಡುತ್ತಾರೆ. ಸಂಘದ ಹಣ ಪೋಲು ಮಾಡುತ್ತೇವೆ ಅಂತ ಹೇಳಿ ಗೆದ್ದವರ ತಮಾಷೆ ಈಗ ಅದೇ ವಿಶ್ವವಿದ್ಯಾಲಯಕ್ಕೆ ಹಣ ತರುತ್ತಿದೆ. ವಾರ್ಜಿಯನ್ ಆಮೇಲೆ ನ್ಯೂಜೆರ್ಸಿಯಲ್ಲಿ ಹೈಸ್ಕೂಲಿನ ಗಣಿತದ ಮೇಷ್ಟ್ರಾದರು.

ಸರಿ, ನಿಮ್ಮ ಕನ್ನಡ ಕೂಟದ ವಿಷಯಕ್ಕೆ ಬರೋಣ. ಖಂಡಿತ ಮಾಡಿ. ಆದರೆ ಹಕ್ಕಿ ಕೊಳ್ಳುವ ಮುಂಚೆ ನಾನು ಕಂಡ ಒಂದು ಸಂಗತಿ ಕೇಳಿ.

ನಮ್ಮ ಗುಂಪಿನ ಎರಡನೇ ವರ್ಷ. ಒಬ್ಬರು ಹಣ ಕೊಟ್ಟು ಒಂದು ವಿಳಾಸ ಬರೆದುಕೊಟ್ಟಿದ್ದರು. ಬರೆದವರ ಕೈಯಲ್ಲೋ ಓದಿದವರ ಕಣ್ಣಲ್ಲೋ ಒಂದು ಅಂಕಿ ತಪ್ಪಿತು. ಸಂಜೆ ನಾವು ನಾಲ್ಕು ಜನ ಹೋಗಿ, ಸದ್ದು ಮಾಡದೆ, ನಗು ತಡೆದುಕೊಂಡು 30 ಹಕ್ಕಿ ನೆಟ್ಟು ಬಂದೆವು. ಬೆಳಗ್ಗೆ ಫೋನ್ ಬಂತು. ಹೋದರೆ ವಯಸ್ಸಾದ ಒಬ್ಬರು ಬಾಗಿಲಲ್ಲಿ ನಿಂತಿದ್ದರು. ಆ ವಾರ ಅವರ ಹೆಂಡತಿ ತೀರಿಕೊಂಡಿದ್ದರು. ಡ್ರೈವ್‌ವೇ ತುಂಬ ಬೇರೆ ಬೇರೆ ಊರಿನ ನಂಬರಿನ ಕಾರುಗಳು. ಅವರು ಬೈಯಲಿಲ್ಲ. ‘ಇವುಗಳನ್ನು ತೆಗೆಯಲು ನಾನು ಎಷ್ಟು ಕೊಡಬೇಕು?’ ಅಂತ ಕೇಳಿ ಜೇಬಿಗೆ ಕೈ ಹಾಕಿದರು. ಆ ಕೈ ನನ್ನ ಕಣ್ಣ ಮುಂದೆ ಈಗಲೂ ಇದೆ. ಚೀಟಿಯಲ್ಲಿ ನಾವು ಬರೆದಿದ್ದು ಅವರಿಗೆ ಬಿಲ್ಲಿನ ಹಾಗೆ ಕಂಡಿತ್ತು.

ಹತ್ತು ನಿಮಿಷದಲ್ಲಿ ಹಕ್ಕಿ ತೆಗೆದೆವು. ಕ್ಷಮೆ ಕೇಳಿದೆವು. ಆ ವಾರವೇ ಚೀಟಿಯ ಮೊದಲ ಸಾಲು ಬದಲಾಯಿಸಿದೆವು. ‘ನೀವು ಏನೂ ಕೊಡಬೇಕಾಗಿಲ್ಲ’ ಅನ್ನುವುದು ದೊಡ್ಡ ಅಕ್ಷರದಲ್ಲಿ, ಎಲ್ಲಕ್ಕಿಂತ ಮೇಲೆ. ಹಣ ಕಡಿಮೆಯಾಗುತ್ತದೆ ಅಂತ ಗುಂಪಿನಲ್ಲಿ ಕೆಲವರು ಹೆದರಿದ್ದರು. ಲೆಕ್ಕ ಬರೆದವಳು ನಾನೇ, ಕಡಿಮೆ ಆಗಲಿಲ್ಲ.

ಹಾಗಾಗಿ ನನ್ನ ಮೊದಲ ಸಲಹೆ ಇದು. ಹಿಂಡು ಕಳಿಸುವವರ ಹತ್ತಿರ ಎರಡು ಪ್ರಶ್ನೆ ಕೇಳಿ. ಆ ಮನೆಯವರು ನಿಮಗೆ ಎಷ್ಟು ಗೊತ್ತು? ಅವರ ಮನೆಯಲ್ಲಿ ಈಗ ಕಾಯಿಲೆ, ಸಾವು, ಕೋರ್ಟು ಕಚೇರಿ ಏನಾದರೂ ಇದೆಯಾ? ಉತ್ತರ ತಡವರಿಸಿದರೆ ಆ ಮನೆ ಬಿಡಿ. ವಿಳಾಸವನ್ನು ಇಬ್ಬರು ಓದಲಿ. ಮನೆಯ ಮುಂದೆ ‘ಒಳಗೆ ಬರಬೇಡಿ’ ಬೋರ್ಡು ಇದ್ದರೆ, ಬೇಲಿ ಇದ್ದರೆ ಒಳಗೆ ಹೋಗಲೇಬೇಡಿ. ಕೇಳದೆ ಇನ್ನೊಬ್ಬರ ಜಾಗಕ್ಕೆ ಕಾಲಿಡುವುದು ತಮಾಷೆಗೆ ಮಾಡಿದರೂ ಅತಿಕ್ರಮಣವೇ ಆಗಬಹುದು.

ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ನೀವಿರುವುದು ಟೆಕ್ಸಸ್. ಬಹಳ ಮನೆಗಳಲ್ಲಿ ಬಂದೂಕು ಇರುತ್ತದೆ. ಕತ್ತಲಲ್ಲಿ ಅಪರಿಚಿತರು ಅಂಗಳದಲ್ಲಿ ಓಡಾಡಿದರೆ ಒಳಗಿರುವವರು ಹೆದರುವುದು ಸಹಜ. ನಡುರಾತ್ರಿ ಹೋಗುವುದನ್ನು ನಾನು ಒಪ್ಪುವುದೇ ಇಲ್ಲ. ಮುಸ್ಸಂಜೆ ಹೊತ್ತಿಗೆ ಹೋಗಿ, ಬೆಳಕಿರುವಾಗಲೇ ಮುಗಿಸಿ. ಎಲ್ಲರೂ ಕೂಟದ ಹೆಸರಿರುವ, ಎದ್ದು ಕಾಣುವ ಬಣ್ಣದ ಟೀ ಶರ್ಟ್ ಹಾಕಿಕೊಳ್ಳಲಿ. ಮಕ್ಕಳ ಜೊತೆ ದೊಡ್ಡವರು ಇಬ್ಬರಾದರೂ ಇರಲಿ. ಮನೆಯಲ್ಲಿ ಯಾರಾದರೂ ಒಬ್ಬರಿಗೆ ಮುಂಚೆಯೇ ಗುಟ್ಟಾಗಿ ಹೇಳಿಡುವುದು ಇನ್ನೂ ಒಳ್ಳೆಯದು. ಹೆಂಡತಿಗೆ ಗೊತ್ತು, ಗಂಡನಿಗೆ ಗೊತ್ತಿಲ್ಲ ಅಂದರೂ ತಮಾಷೆ ಉಳಿಯುತ್ತದೆ. ಊರಿನ ಪೊಲೀಸರ ತುರ್ತಲ್ಲದ ನಂಬರಿಗೆ ಫೋನ್ ಮಾಡಿ ‘ಈ ವಾರ ಹೀಗೆ ಮಾಡುತ್ತಿದ್ದೇವೆ’ ಅಂತ ತಿಳಿಸಿಡಿ. ನೋಡಲು ಬೇರೆ ತರ ಕಾಣುವ ನಮ್ಮ ಮಕ್ಕಳಿಗೆ ಈ ಎಚ್ಚರ ಇನ್ನೂ ಜಾಸ್ತಿ ಬೇಕು. ಇದನ್ನು ಹೇಳಲು ನನಗೆ ಸಂತೋಷವಿಲ್ಲ, ಆದರೆ ಹೇಳದೆ ಬಿಡಲಾರೆ.

ಬಡಾವಣೆಯ ಸಂಘಗಳಿಗೂ ನಿಯಮ ಇರುತ್ತವೆ. ಅಂಗಳದಲ್ಲಿ ಗೊಂಬೆ ಇಟ್ಟರೆ ಕೆಲವು ಕಡೆ ಮನೆಯವರಿಗೇ ದಂಡದ ಪತ್ರ ಬರುತ್ತದೆ. ಸಂಘದ ಅಧ್ಯಕ್ಷರನ್ನು ಮೊದಲು ಕೇಳಿ. ನಾವು ಮಾಡುತ್ತಿದ್ದ ಉಪಾಯ ಏನೆಂದರೆ, ಮೊದಲ ಹಿಂಡನ್ನು ಅವರ ಅಂಗಳಕ್ಕೇ ಇಳಿಸುತ್ತಿದ್ದೆವು, ಅವರ ಒಪ್ಪಿಗೆ ಪಡೆದೇ. ಬೀದಿಯವರೆಲ್ಲ ನೋಡುತ್ತಾರೆ, ಆಮೇಲೆ ಯಾರೂ ತಕರಾರು ತೆಗೆಯುವುದಿಲ್ಲ. ಇನ್ನೊಂದು ಸಣ್ಣ ವಿಷಯ. ಚೀಟಿಯನ್ನು ಅಂಚೆ ಡಬ್ಬಿಗೆ ಹಾಕಬೇಡಿ. ಅಂಚೆ ಚೀಟಿ ಇಲ್ಲದ ಕಾಗದವನ್ನು ಮೇಲ್‌ಬಾಕ್ಸಿಗೆ ಹಾಕುವುದು ಅಮೆರಿಕದಲ್ಲಿ ಕಾನೂನಿಗೆ ವಿರುದ್ಧ. ಬಾಗಿಲ ಹಿಡಿಗೆ ಸಿಕ್ಕಿಸಿ.

ನೆಡುವ ಕೆಲಸ ಸುಲಭ ಅಂದುಕೊಂಡಿರುತ್ತೀರಿ. ಡಲ್ಲಾಸ್ ಸುತ್ತಿನದು ಕಪ್ಪು ಎರೆಮಣ್ಣು. ಧಾರವಾಡದ ಎರೆಹೊಲದ ಮಣ್ಣಿನ ಜಾತಿಯೇ. ಅಮ್ಮನನ್ನು ಕೇಳಿ, ಅವರಿಗೆ ಇದರ ಸ್ವಭಾವ ಚೆನ್ನಾಗಿ ಗೊತ್ತಿರುತ್ತದೆ. ಮಳೆ ಬಂದಾಗ ಅಂಟು, ಬೇಸಿಗೆಯಲ್ಲಿ ಕಲ್ಲು, ಕೈ ಹೋಗುವಷ್ಟು ಬಿರುಕು. ಆಗಸ್ಟ್‌ನಲ್ಲಿ ತೆಳು ಸರಳನ್ನು ಒತ್ತಿದರೆ ಬಾಗುತ್ತದೆ ಹೊರತು ಇಳಿಯುವುದಿಲ್ಲ. ಉದ್ದನೆಯ ಸ್ಕ್ರೂಡ್ರೈವರ್ ಮತ್ತು ಮರದ ಸುತ್ತಿಗೆ ತಗೊಂಡು ಹೋಗಿ. ಮೊದಲು ತೂತು ಮಾಡಿ, ಆಮೇಲೆ ಸರಳು ಇಳಿಸಿ, ಕೊನೆಗೆ ಹಕ್ಕಿ ಕೂರಿಸಿ. ಒಂದು ಗೇಣಿಗಿಂತ ಆಳ ಬೇಡ. ನೀರು ಚಿಮ್ಮುವ ಸ್ಪ್ರಿಂಕ್ಲರ್ ತಲೆಗಳು ಎಲ್ಲಿವೆ ಅಂತ ನೋಡಿಕೊಂಡು ಅವುಗಳ ಆಸುಪಾಸು ಚುಚ್ಚಬೇಡಿ, ಅಡಿಯಲ್ಲಿ ಪೈಪು ಹೋಗಿರುತ್ತದೆ.

ಕಿತ್ತ ಮೇಲೆ ಸರಳು ಎಣಿಸಿ. ಇದನ್ನು ದಯವಿಟ್ಟು ಮರೆಯಬೇಡಿ. 24 ಹಕ್ಕಿ ಅಂದರೆ 48 ಸರಳು. ಒಂದು ಸರಳು ಹುಲ್ಲಲ್ಲೇ ಉಳಿದು, ಮರುದಿನ ಹುಲ್ಲು ಕತ್ತರಿಸುವ ಯಂತ್ರದ ಬ್ಲೇಡಿಗೆ ಸಿಕ್ಕರೆ ಬಾಣದ ಹಾಗೆ ಹಾರುತ್ತದೆ. ಮಕ್ಕಳು ಹಕ್ಕಿ ಎಣಿಸುತ್ತಾರೆ, ಸರಳು ಎಣಿಸುವುದಿಲ್ಲ. ನಾವು ಸರಳುಗಳ ತುದಿಗೆ ಕಿತ್ತಳೆ ಬಣ್ಣ ಬಳಿದಿದ್ದೆವು, ಹುಲ್ಲಲ್ಲಿ ಬಿದ್ದರೂ ಕಾಣಲಿ ಅಂತ.

ಹಣದ ಅಂದಾಜು ಹೇಳುತ್ತೇನೆ. ವಾರಕ್ಕೆ ಮೂರು ಮನೆಯ ಹಾಗೆ ಎಂಟು ವಾರ ಮಾಡಿದಿರಿ ಅನ್ನಿ, 24 ಮನೆ ಆಯಿತು. ಕಳಿಸುವವರಿಂದ 20 ಡಾಲರ್, ಬಂದ ಮನೆಯವರಲ್ಲಿ ಅರ್ಧ ಜನರಿಂದ 20 ಡಾಲರ್ ಅಂತ ಇಟ್ಟುಕೊಂಡರೆ 720 ಡಾಲರ್. ಅದರಲ್ಲಿ ಹಕ್ಕಿಗಳ ಬೆಲೆ ಕಳೆಯಿರಿ. ಬೆಂಗಳೂರಿನಿಂದ ಮಕ್ಕಳ ಪುಸ್ತಕ ತರಿಸಲು ಇದು ಸಣ್ಣ ಮೊತ್ತ ಅಲ್ಲ. ಒಂದೇ ಹಿಂಡು ಸಾಕು, ಎರಡು ಬೇಡ. ಎರಡಾದರೆ ಜನಕ್ಕೂ ಬೇಸರ, ನಿಮಗೂ ಸುಸ್ತು. ಮುಗಿದ ಮೇಲೆ ಬಿಸಿಲಲ್ಲಿ ಬಿಡದೆ ಗರಾಜಿನಲ್ಲಿಡಿ. ಟೆಕ್ಸಸ್ ಬಿಸಿಲಿಗೆ ಈ ಗುಲಾಬಿ ಬೇಗ ಬಿಳಿಚಿಕೊಳ್ಳುತ್ತದೆ.

ನಿಮ್ಮ ಬೋರ್ಡಿನಲ್ಲಿ ಕನ್ನಡವೂ ಇರಲಿ ಅಂತ ನನ್ನ ಆಸೆ. ಫ್ಲೆಮಿಂಗೊಗೆ ನಾವು ರಾಜಹಂಸ ಅನ್ನುತ್ತೇವಲ್ಲ. ‘ನಿಮ್ಮ ಮನೆಗೆ ರಾಜಹಂಸ ಬಂದಿದೆ’ ಅಂತ ಮಕ್ಕಳೇ ದುಂಡಗೆ ಬರೆಯಲಿ, ಕೆಳಗೆ ಇಂಗ್ಲಿಷಿನಲ್ಲಿ ಅರ್ಥ ಇರಲಿ. ಕನ್ನಡ ತರಗತಿಗೆ ಹಣ ಕೇಳುವವರು ಎರಡು ಸಾಲು ಕನ್ನಡ ತೋರಿಸಿದರೆ, ಇದು ಯಾವ ಭಾಷೆ ಅಂತ ಪಕ್ಕದ ಮನೆಯವರು ಕೇಳುತ್ತಾರೆ. ಅಲ್ಲಿಂದ ಮಾತು ಶುರುವಾಗುತ್ತದೆ. ತರಗತಿಯಲ್ಲಿ ಒಂದು ಪಾಠವೂ ಆಯಿತು. ನಿಜವಾದ ರಾಜಹಂಸದ ಮರಿ ಹುಟ್ಟುವಾಗ ಬೂದು ಬಣ್ಣ ಇರುತ್ತದೆ. ತಿನ್ನುವ ಪಾಚಿ, ಸಣ್ಣ ಸಿಗಡಿಗಳಲ್ಲಿರುವ ಬಣ್ಣ ಮೈಗೆ ಇಳಿದು ವರ್ಷಗಳು ಕಳೆದಂತೆ ಗುಲಾಬಿಯಾಗುತ್ತದೆ. ಧಾರವಾಡದಿಂದ ಬಹಳ ದೂರವೇನಲ್ಲ, ಬಾಗಲಕೋಟೆ ಕಡೆ ಆಲಮಟ್ಟಿ ಹಿನ್ನೀರಿಗೆ ರಾಜಹಂಸಗಳು ಬಂದು ಇಳಿಯುತ್ತವೆ. ಅಮ್ಮ ನೋಡಿದ್ದರೂ ನೋಡಿರಬಹುದು, ಕೇಳಿ.

ಈಗ ನಿಮ್ಮ ಅಂಗಳದ ಹಿಂಡಿನ ಮಾತು. ಇವತ್ತೇ ಫೋನ್ ಮಾಡಿ. ಕೊಡುವುದಾದರೆ ಕೊಡಿ, ಇಲ್ಲವಾದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಯಾವ ಹೊತ್ತಿಗೆ ಬರುತ್ತೀರಿ ಅಂತ ಕೇಳಿಟ್ಟುಕೊಳ್ಳಿ. ಮಕ್ಕಳು ಬಂದಾಗ ಅಮ್ಮನನ್ನೂ ಕರೆದುಕೊಂಡು ಹೊರಗೆ ಬನ್ನಿ, ಬ್ಯಾಂಡಿನ ಹುಡುಗರಿಗೆ ಕುಡಿಯಲು ಏನಾದರೂ ಕೊಡಿ. ಸರಳು ಎಣಿಸುವ ಕೆಲಸ ಅಮ್ಮನಿಗೆ ಬಿಡಿ. 48 ಇರಬೇಕು.